ಕಂಚು ತೊಳಿ, ಮಣ್ಣು ಒಡಿ

ಆಲಿವ್ ಕಾಯಿ ಬಡಿದು ಬಡಿದು ಹೊಗ್ಲಾಳ ಅಂಗೈಯೆಲ್ಲ ಬೊಬ್ಬೆ. ಅದರ ಮೇಲೆ ಧಣಿ ಶೆಮಾಯನ ಮನೆಯ ಅಡುಗೆಯೂ ಅವಳದ್ದೇ. ಕೂಲಿ ಅಂದರೆ ಇಳಿಹೊತ್ತಿಗೆ ಒಂದು ಮಡಕೆ ಬೇಳೆ ಸಾರು, ಅಷ್ಟೇ. ಅದಕ್ಕೇ ಅವಳ ಜೊತೆ ಕೂಲಿಗೆ ಬರುವ ಉಳಿದ ಹನ್ನೊಂದು ಹೆಂಗಸರೂ ತಂತಮ್ಮ ಮಡಕೆ ಹಿಡಿದು ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದರು.

ಆವತ್ತು ಧಣಿಯ ಹಂಡೆಯಿಂದ ಎಲ್ಲರಿಗೂ ಬಡಿಸಿ, ಕೊನೆಗೆ ತನ್ನ ಮಡಕೆಗೆ ಸುರಿದುಕೊಂಡಳು. ಸೌಟಿನಲ್ಲಿ ಸತ್ತ ಹಲ್ಲಿ ಬಂತು.

"ಅಯ್ಯಯ್ಯೋ, ಕೆಟ್ಟೆವಲ್ಲೇ!" ಅಂದಳು ಪಕ್ಕದ ಮುದುಕಿ ಮಿಲ್ಕಾ. ಅವಳು ಆಗಲೇ ನಾಲ್ಕು ತುತ್ತು ಉಂಡಿದ್ದಳು.

ಕೂಗು ಕೇಳಿ ಧಣಿಯ ಜೊತೆ ಯಾಜಕನೂ ಬಂದ. ಅವನು ಧಣಿಯ ಭಾವಮೈದುನ. ದೂರದಿಂದಲೇ ಬಗ್ಗಿ ನೋಡಿದ.

"ಹಂಡೆ ಕಂಚಿಂದು, ತೊಳೀರಿ. ಹೊತ್ತು ಮುಳುಗಿದ್ ಮೇಲೆ ಶುದ್ಧ. ಮಡಕೆ ಮಣ್ಣಿಂದು, ಒಡೀಬೇಕು."

"ಹಲ್ಲಿ ಬಿದ್ದಿದ್ದು ಧಣಿ ಹಂಡೇಗೆ ಸ್ವಾಮಿ. ನಮ್ ಮಡಕೆ ಏನ್ ಮಾಡಿತ್ತು?" ಹೊಗ್ಲಾ ಕೇಳಿದಳು.

"ಮಣ್ಣು ಅಶುದ್ಧ ಹೀರ್ಕೊಳ್ತದೆ ಕಣಮ್ಮ. ಹೊತ್ತು ಮುಳುಗೋ ತನಕ ನೀವೂ ಅಶುದ್ಧ, ಯಾರನ್ನೂ ಮುಟ್ಟಬ್ಯಾಡಿ. ಉಂಡೋರು ಯೆರೂಸಲೇಮಿಗೆ ಹೋಗಿ ದೋಷ ಕಳ್ಕೊಳ್ಳಿ. ಕುರಿ ಬಲಿ ಕೊಡೋಕ್ಕಾಗದಿದ್ರೆ ಜೋಡಿ ಪಾರಿವಾಳ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಮಿಲ್ಕಾ ಗೊಣಗಿದಳು.

ಆಳು ಒನಕೆ ತಂದ. ಮಡಕೆಗಳು ಒಂದೊಂದಾಗಿ ಚೂರಾದವು. ಬಿಸಿ ಸಾರು ಧೂಳು ಸೇರಿತು. ನಾಯಿ ಬಂದು ನೆಕ್ಕಿತು, ಅದಕ್ಕೆ ಯಾವ ಶಾಸ್ತ್ರವೂ ಇಲ್ಲ ನೋಡಿ! ಹೊಗ್ಲಾಳಿಗೆ ಇದ್ದದ್ದು ಆ ಒಂದೇ ಮಡಕೆ. ಮನೆಯಲ್ಲಿ ಮೂರು ಮಕ್ಕಳು ಹಸಿದು ಬಾಗಿಲು ಕಾಯುತ್ತಿದ್ದವು.

"ಸ್ವಾಮಿ, ಇನ್ನೊಂದೈತೆ," ಅಂದಳು. "ಸಾರು ಕಲಕಿದ ಸೌಟನ್ನೇ ಧಣಿ ಎಣ್ಣೆ ಬಾನಿಗೂ ಅದ್ದಿದ್ದೆ. ಅದೂ ಮಣ್ಣಿಂದೇ."

ಸುಳ್ಳಲ್ಲ, ನಿಜವೇ. ಅಂಗಳದ ಮೂಲೆಯ ಆ ಬಾನಿಯಲ್ಲಿ ಇಡೀ ಸುಗ್ಗಿಯ ಎಣ್ಣೆ ಇತ್ತು. ಶೆಮಾಯ ಓಡಿಹೋಗಿ ಅದಕ್ಕೆ ಅಡ್ಡ ನಿಂತ.

"ಸುಳ್ಳು ಬೊಗಳ್ತಾಳೆ!"

ಯಾಜಕ ಗಡ್ಡ ನೀವಿಕೊಂಡ. "ಹೆಂಗಸಿನ ಸಾಕ್ಷಿ ನಡೆಯಲ್ಲ."

"ನಾನೂ ಕಂಡೆ," ಮಿಲ್ಕಾ ಎದ್ದು ನಿಂತಳು.

"ನಾನೂ."

"ನಾನೂ ಕಂಡೆ ಕಣಯ್ಯಾ!"

"ಎಷ್ಟು ಜನ ಆದ್ರೂ ಹೆಂಗಸರು ಹೆಂಗಸರೇ," ಅಂದ ಯಾಜಕ.

ಹೊಗ್ಲಾ ಆಳಿನ ಕೈಯಿಂದ ಒನಕೆ ಕಿತ್ತುಕೊಂಡಳು. ಅಶುದ್ಧರಾದ ಹನ್ನೆರಡೂ ಹೆಂಗಸರು ಒಟ್ಟಿಗೆ ಮುಂದೆ ಬಂದರು. ಎಲ್ಲಿ ಮುಟ್ಟಿಬಿಡುತ್ತಾರೋ ಅಂತ ಯಾಜಕ ನಿಲುವಂಗಿ ಎತ್ತಿಕೊಂಡು ಹೊಸ್ತಿಲಾಚೆ ನೆಗೆದ. ಶೆಮಾಯ ಬಾನಿಯನ್ನೊಮ್ಮೆ, ಹೆಂಗಸರನ್ನೊಮ್ಮೆ ನೋಡಿದ.

"ಸರೀರಿ ಧಣಿ," ಹೊಗ್ಲಾ ಒನಕೆ ಎತ್ತಿದಳು, "ಕಾಲಿಗೆ ಚೂರು ಚುಚ್ಚೀತು."