ಬಿನವಿರೋಧ

ಅಕ್ಕಲಕೋಟ ತಹಸೀಲ ಕಚೇರಿಯ ಗೋಡೆ ಗಡಿಯಾರದಲ್ಲಿ ಎರಡೂ ನಲವತ್ತಾಗಿತ್ತು. ಗ್ರಾಮ ಪಂಚಾಯ್ತಿ ಚುನಾವಣೆಯ ಅರ್ಜಿ ಹಿಂದಕ್ಕೆ ಪಡೆಯಲು ಮೂರರವರೆಗೆ ಅವಕಾಶ. ಊರಿನ ಎಂಟು ಸ್ಥಾನ ಆಗಲೇ ಬಿನವಿರೋಧ ಆಗಿದ್ದವು: ಹಿರಿಯರು ಗೊತ್ತು ಮಾಡಿದವರೇ ಗೆದ್ದವರು, ಎದುರಾಳಿಯೇ ಇಲ್ಲ. ಒಂಬತ್ತನೆಯದಕ್ಕೆ ಉಮಾಬಾಯಿ ಅಡ್ಡ ನಿಂತಿದ್ದಳು. ಅವಳ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು. ಹಿರಿಯರ ಓಣಿಗೆ ದಿನಾಲೂ.

ಅವಳನ್ನು ನಿಲ್ಲಿಸಿದವರು ಕಸ್ತೂರಬಾಯಿ. ಸೋಲಾಪುರದ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಅವರು ನಂಬಿದ್ದು ಒಂದನ್ನೇ: ತರ್ಕವನ್ನು ಸರಿಯಾಗಿ ಬಿಡಿಸಿ ಮುಂದಿಟ್ಟರೆ ಮನುಷ್ಯ ಒಳ್ಳೆಯದನ್ನೇ ಆರಿಸುತ್ತಾನೆ.

ಊರಿನ ಪರವಾಗಿ ಬಂದವನು ಗುರುಸಿದ್ಧ, ಅವರದೇ ಹಳೆಯ ವಿದ್ಯಾರ್ಥಿ. ಕಾಲು ಮುಟ್ಟಿ ನಮಸ್ಕರಿಸಿಯೇ ಮಾತಿಗಿಳಿದ.

"ಎಲ್ಲಾರಿಗೂ ಒಳ್ಳೇದಾಗೂದ ಎಲ್ಲಾಕಿಂತ ದೊಡ್ಡ ಒಳ್ಳೇದು ಅಂತ ನೀವ ಕಲಿಸೀರಿ, ಮೇಡಂ. ಇಡೀ ಊರು ಒಂದಾಗ್ಯಾದ. ಈಕಿ ಒಬ್ಬಾಕಿ ಅರ್ಜಿ ಮಾಘಾರ ತಗೊಂಡ್ರ ಜಗಳಿಲ್ಲ, ತಂಟಿಲ್ಲ."

"ಎಲ್ಲಾರೂ ಅಂದ್ರ ಯಾರಪಾ? ಕೇಳಿದ್ರ ಗೊತ್ತಾಗ್ತದ. ಕೇಳೂದಂದ್ರ ಮತದಾನ. ಬ್ಯಾಡ ಅನ್ನಾಕ ಜಾಗಾನ ಇಲ್ಲದಲ್ಲಿ ಹೂಂ ಅಂದದ್ದಕ್ಕ ಏನ ಅರ್ಥ? ಒಗ್ಗಟ್ಟು ಬ್ಯಾರೆ, ಬಾಯಿ ಮುಚ್ಚಿಸೂದು ಬ್ಯಾರೆ."

ಸುತ್ತ ನಿಂತವರು ತಲೆದೂಗಿದರು. ಕಸ್ತೂರಬಾಯಿಯವರ ಎದೆ ಹಗುರಾಯಿತು.

"ಬರೋಬರಿ ಅದ, ಮೇಡಂ," ಅಂದ ಗುರುಸಿದ್ಧ. "ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಪರೀಕ್ಷಾದಾಗ ಇದನ್ನ ಬರದಿದ್ದೆ, ನೂರಕ್ಕ ಅರವತ್ತೆಂಟು ನೀವ ಕೊಟ್ಟಿದ್ರಿ." ಆಮೇಲೆ ಉಮಾಬಾಯಿಯ ಕಡೆ ತಿರುಗಿ, ಅದೇ ಮೆದು ದನಿಯಲ್ಲಿ, "ವೈನಿ, ಸಹಿ ಮಾಡ್ರಿ."

ಉಮಾಬಾಯಿ ಪೆನ್ನು ತಗೊಂಡಳು.

"ಉಮಾ, ನಾ ಹೇಳಿದ್ದು ತಿಳೀಲಿಲ್ಲೇನು?"

"ತಿಳೀತ್ರಿ, ಬಾಯಾರ. ಅವರಿಗೂ ತಿಳದಾದ. ನೀವು ಸಂಜೀ ಬಸ್ಸಿಗಿ ಸೋಲಾಪುರಕ್ಕ ಹೋಗ್ತೀರಿ. ನಾ ನಾಳಿ ಅದೇ ಊರಾಗ ಹಿಟ್ಟು ಬೀಸಿಸಬೇಕು. ಗಿರಣಿ ಯಾರದು ಅಂತ ನಿಮಗೂ ಗೊತ್ತದ."

ಸಹಿ ಬಿತ್ತು.

ಕಸ್ತೂರಬಾಯಿ ತಮ್ಮ ವಾದದಲ್ಲಿ ತಪ್ಪು ಹುಡುಕಿದರು. ಇರಲಿಲ್ಲ. ಒಪ್ಪದವರಾಗಿದ್ದರೆ ಇನ್ನೊಮ್ಮೆ ಬಿಡಿಸಿ ಹೇಳಬಹುದಿತ್ತು. ಒಪ್ಪಿಕೊಂಡವರಿಗೆ ಇನ್ನೇನು ಹೇಳುವುದು?

ಮೂರಕ್ಕೆ ಅಧಿಕಾರಿ ಒಂಬತ್ತನೆಯ ಹೆಸರನ್ನೂ ಓದಿದರು. ಯಾರೋ "ಬಿನವಿರೋಧ!" ಅಂತ ಕೂಗಿದರು. ಚಪ್ಪಾಳೆ ಶುರುವಾಯಿತು. ಕಸ್ತೂರಬಾಯಿ ಕೈ ಕಟ್ಟಿಕೊಂಡು ನಿಂತರು. ಇಷ್ಟಾದರೂ ತಮ್ಮದಾಗಿ ಉಳಿಯಲಿ ಅಂದುಕೊಂಡರು.

ಚಪ್ಪಾಳೆ ತಟ್ಟುತ್ತಲೇ ಉಮಾಬಾಯಿ ಅವರತ್ತ ಬಾಗಿದಳು. "ಕೈ ಬಿಚ್ಚರಿ, ಬಾಯಾರ. ನೀವು ಹೊಡೀಲಿಲ್ಲಂದ್ರ ಅವರು ನನ್ನ ಮಾರಿ ನೋಡ್ತಾರ."

ಗುರುಸಿದ್ಧ ನೋಡುತ್ತಿದ್ದ. ಕಸ್ತೂರಬಾಯಿ ಚಪ್ಪಾಳೆ ತಟ್ಟಿದರು.