ಅಮೆರಿಕಾದ ಪಟ್ಟು

"ಈ ಸಲ ಸೋತ್ರ ಹಾಲು ಬಂದ್ ನೋಡ್ರಿ" ಎಂದು ಸಾವಂತ್ರೆವ್ವ ಗಂಡನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಶಲವಡಿಯ ಹುಚ್ಚಪ್ಪ ಪೈಲ್ವಾನ ವರ್ಷದಲ್ಲಿ ಮೂರು ಕುಸ್ತಿ ಸೋತಿದ್ದ. ಆದರೂ ಮನೆಯ ಎಮ್ಮೆ ಕೊಟ್ಟ ಹಾಲನ್ನೆಲ್ಲ ದೊಡ್ಡ ಹಿತ್ತಾಳೆ ತಂಬಿಗೆಯಲ್ಲಿ ಒಬ್ಬನೇ ಗಟಗಟ ಕುಡಿಯುತ್ತಿದ್ದ. ಹಾಲಿಲ್ಲದ ಬೆಳಗನ್ನು ನೆನೆಯುವುದೂ ಪಾಪ, ಅವನಿಂದಾಗುತ್ತಿರಲಿಲ್ಲ.

ಹೀಗಿರುವಾಗ ನವಲಗುಂದದಲ್ಲಿ ವಿಡಿಯೋ ಹಾಕಿದ್ದ ಕಡೆ ಹೋಗಿ ಅಮೆರಿಕಾದ ಕುಸ್ತಿ ನೋಡಿಬಂದ. ಅಬ್ಬಬ್ಬಾ! ಅಲ್ಲಿ ಮಣ್ಣಿಗೆ ನಮಸ್ಕಾರವಿಲ್ಲ, ಉಸ್ತಾದನಿಗೆ ಸಲಾಮಿಲ್ಲ. ಮಿರಿಮಿರಿ ನಿಲುವಂಗಿ ಹೊದ್ದು ಬರಬೇಕು, ನನ್ನಂಥವನಿಲ್ಲ ಎಂದು ಒದರಬೇಕು, ಕಡೆಗೆ ಕುರ್ಚಿ ಎತ್ತಿ ಬಡಿಯಬೇಕು. ಜನರ ಚಪ್ಪಾಳೆ ಪಟ್ಟಿಗಲ್ಲ, ಬಾಯಿಗೆ. ಬಾಯಿ ನಮ್ಮ ಹುಚ್ಚಪ್ಪನಿಗೆ ಮೊದಲೇ ಇತ್ತು.

ಗುಡಗೇರಿಯ ದಾವೂದಸಾಬನೊಡನೆ ಕುಸ್ತಿ ನಿಗದಿಯಾಯಿತು. ಗೆದ್ದವರಿಗೆ ಬೆಳ್ಳಿ ಕಡಗ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ! ನಿಲುವಂಗಿ ಸಿಗದೆ ಹುಚ್ಚಪ್ಪ ಹೆಂಡತಿ ತವರಿನಿಂದ ತಂದಿದ್ದ ಜಮಖಾನೆಯನ್ನೇ ಹೊದ್ದು ಕಣಕ್ಕಿಳಿದ.

"ಲೇ ದಾವೂದಾ, ನನ್ನಂಥಾ ಪೈಲ್ವಾನ ಏಳು ಸಮುದ್ರದಾಚೆಗೂ ಇಲ್ಲಲೇ!"

ದಾವೂದಸಾಬ ರೂಢಿಯಂತೆ ಮೈಗೆ ಮಣ್ಣು ಹಚ್ಚಿಕೊಂಡು ಕಾದ. ಕಾದೂ ಕಾದೂ ಕೇಳಿದ, "ಮುಗೀತೇನ್ರಿ ಪೈಲ್ವಾನ್ರ? ಬಿಸಲಾಗಾಕತ್ತೈತಿ."

ಇನ್ನು ಕುರ್ಚಿ. ಇಡೀ ಕಣಕ್ಕೆ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ತೀರ್ಪು ಹೇಳುವ ಪಂಚರಾಗಿ ಎಂಬತ್ತರ ಮುದುಕ ಶಂಭುಲಿಂಗಪ್ಪನವರು ಕೂತಿದ್ದರು.

"ಕಾಕಾರ, ಒಂದೀಟು ಏಳ್ರಿ," ಅಂದ ಹುಚ್ಚಪ್ಪ.

"ಯಾಕಲೇ?"

"ಕುರ್ಚೀಲೆ ದಾವೂದಗ ಹೊಡೀಬೇಕ್ರಿ. ಅಮೆರಿಕಾದಾಗ ಹಂಗ ಮಾಡ್ತಾರ."

"ಅಮೆರಿಕಾದಾಗ ಕುರ್ಚಿ ಮ್ಯಾಲೆ ಹಿರ್ಯಾರು ಕುಂದರಂಗಿಲ್ಲೇನಲೇ?"

ವಿಡಿಯೋದಲ್ಲಿ ಇದನ್ನು ತೋರಿಸಿರಲಿಲ್ಲ. ಹುಚ್ಚಪ್ಪನಿಗೆ ನಾಚಿಕೆಯಾಗಿಹೋಯಿತು. ತಪ್ಪಾಯಿತೆಂದು ಬಗ್ಗಿ ಅವರ ಕಾಲು ಮುಟ್ಟಿದ. ಎದ್ದು ಹಿಂದೆ ಸರಿಯುವಾಗ ಜಮಖಾನೆ ಕಾಲಿಗೆ ತೊಡರಿ ಧೊಪ್ಪನೆ ಅಂಗಾತ ಬಿದ್ದ. ಎರಡೂ ಭುಜ ಮಣ್ಣಿಗೆ ಹತ್ತಿದವು. ಚಿತ್! ಕುಸ್ತಿ ಸೋತಂತಾಯಿತು.

"ಕಡಗ ನನಗ ಬ್ಯಾಡ್ರಿ. ನಾ ಅವನ್ನ ಮುಟ್ಟೇ ಇಲ್ಲ," ಅಂದ ದಾವೂದಸಾಬ.

"ಹಂಗಾರ ಚಿತ್ ಮಾಡಿದವರಿಗೆ ಕೊಡೂಣು," ಅಂದರು ಶಂಭುಲಿಂಗಪ್ಪನವರು. "ಜಮಖಾನಿ ಯಾರದಲೇ?"

ಮರುದಿನ ಬೆಳಗ್ಗೆ ಸಾವಂತ್ರೆವ್ವ ಕಡಗದ ಕೈಯಲ್ಲೇ ಎಮ್ಮೆ ಹಿಂಡಿದಳು. ಹುಚ್ಚಪ್ಪ ತಂಬಿಗೆಯನ್ನೇ ನೋಡುತ್ತ ಕೂತಿದ್ದ. ಅವಳು ಅದನ್ನೆತ್ತಿ ಒಂದೇ ಉಸಿರಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಏನ್ ನೋಡಾಕತ್ತೀರಿ? ಗೆದ್ದವರು ಹಾಲು ಕುಡೀಬಾರ್ದೇನ್ರಿ?"