ಕವಲಿನ ಕಡ್ಡಿಗಳು

ತೊಟ್ಟಿದ್ದ ಗಂಡನ ಹಳೆಯ ಕೋಟಿಗೆ ಮೆತ್ತಿಕೊಂಡ ಮುಳ್ಳುಬೀಜಗಳು ಒಂದೆರಡಲ್ಲ, ತೋಳಿನ ತುಂಬ. ಸೊಸೆ ಬಿದ್ದ ಮರದ ಮೇಲೆ ಕೂತು ಕೀಳತೊಡಗಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಪಳಗಿದ ಬೆರಳುಗಳಾದರೂ ಬೀಜಗಳು ಸುಲಭಕ್ಕೆ ಜಗ್ಗಲಿಲ್ಲ. ಮುಂದೆ ಹೋಗುತ್ತಿದ್ದ ಮನೆಯವರ ಮಾತು ಮರಗಳ ನಡುವೆ ಸಣ್ಣಗಾಗುತ್ತ ಹೋಯಿತು. ನಾದಿನಿಯ ನಗು ಒಮ್ಮೆ ಕೇಳಿಸಿತು, ಆಮೇಲೆ ಅದೂ ಇಲ್ಲ.

ಅವಳಿಗೆ ಗಾಬರಿಯೇನೂ ಆಗಲಿಲ್ಲ. ಈ ಮನೆಯಲ್ಲಿ ಹಿಂದೆ ಬಿದ್ದವರು ಕಳೆದುಹೋಗುವ ಮಾತೇ ಇಲ್ಲ. ಮಾವ ರೈಲಿನ ಗಾರ್ಡ್ ಆಗಿದ್ದವರು. ಅವರು ರೈಲು ಬಿಟ್ಟರೂ ರೈಲು ಅವರನ್ನು ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕಾಡು ದಾಟಿ, ಕುರುಚಲು ಬಯಲಿನ ಗುಡ್ಡಕ್ಕೆ ನಡೆದುಹೋಗುವಾಗಲೂ ಅವರದೇ ಕಾನೂನು. ದಾರಿ ಕವಲೊಡೆದಲ್ಲೆಲ್ಲ ಮುಂದಿರುವ ಮಾವ ಮೂರು ಕಡ್ಡಿಗಳ ತುದಿಯ ಸಿಪ್ಪೆ ಕೆತ್ತಿ, ಬಾಣದ ಹಾಗೆ ಜೋಡಿಸಬೇಕು. ಎಲ್ಲರಿಗಿಂತ ಹಿಂದೆ ಬರುವವರು ಅದನ್ನು ಚದುರಿಸಿ ಬರಬೇಕು. "ಕೊನೇ ಬೋಗಿ ದಾಟಿದ ಮೇಲೇನೇ ಗಾಡಿ ಪೂರ್ತಿ ಬಂತು ಅನ್ನೋದು," ಎನ್ನುವರು. ಆ ಕೊನೇ ಬೋಗಿ ಅವಳ ಗಂಡನಾಗಿದ್ದ. ನಡಿಗೆಯಲ್ಲಿ ಆಮೆ, ಊಟಕ್ಕೆ ಮಾತ್ರ ಮೊದಲಿಗ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅವನು ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರೂ ಅವಳನ್ನು ನೇಮಿಸಲಿಲ್ಲ. ತಾನಾಗಿಯೇ ಹಿಂದೆ ಸರಿದು ನಿಂತಳು.

ಈ ಸಲ ಅತ್ತೆ ಫೋನಿನಲ್ಲಿ, "ಬೇಜಾರಿದ್ರೆ ಬರ್ಬೇಡ ಕಣಮ್ಮ, ಬಲವಂತ ಏನಿಲ್ಲ," ಎಂದಿದ್ದರು. ಅದು ಅಕ್ಕರೆಯೋ, ಮೆಲ್ಲಗೆ ಬಾಗಿಲು ಮುಂದೆ ಮಾಡಿದ್ದೋ ತಿಳಿಯದೆ ಅವಳು ವಾರವಿಡೀ ಒದ್ದಾಡಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಸೊಸೆ ಎಂಬ ಹೆಸರನ್ನು ಇನ್ನು ಯಾವ ಗೂಟಕ್ಕೆ ಕಟ್ಟುವುದು? ಆದದ್ದಾಗಲಿ, ನೋಡಿಯೇ ಬಿಡೋಣವೆಂದು ಬಂದಿದ್ದಳು.

ಕೋಟು ಕೊಡವಿ ಎದ್ದು ನಡೆದಳು. ಕಾಡು ಮುಗಿಯುವಲ್ಲಿ ದಾರಿ ಎರಡಾಗಿತ್ತು. ಕವಲಿನಲ್ಲಿ, ತರಗೆಲೆಗಳ ಮೇಲೆ, ತುದಿ ಬೆಳ್ಳಗಿದ್ದ ಮೂರು ಕಡ್ಡಿಗಳು ದಿಕ್ಕಿಗೊಂದಾಗಿ ಬಿದ್ದಿದ್ದವು.

ಮೊದಲು ಗಾಳಿಯನ್ನು ಬೈದಳು. ಆದರೆ ಗಾಳಿಯೇ ಇರಲಿಲ್ಲ. ಪಕ್ಕದ ಹಸಿಮಣ್ಣಿನಲ್ಲಿ ನಾದಿನಿಯ ಹೊಸ ಬೂಟಿನ ಅಚ್ಚು ಒಂದು ಕಡ್ಡಿಯನ್ನು ಅರ್ಧ ಹೂತುಹಾಕಿತ್ತು. ತನ್ನ ಹಿಂದೆ ಇನ್ನು ಯಾರೂ ಇಲ್ಲವೆಂದು ನಾದಿನಿ ಕಡ್ಡಿ ಚದುರಿಸಿ ಹೋಗಿದ್ದಳು. ಬೂಟಿನ ಅಚ್ಚುಗಳು ಎಡಕ್ಕೆ ಸಾಗಿದ್ದವು. ದಾರಿಯೇನೋ ಸಿಕ್ಕಿತು, ಆದರೆ ಅಳು ಬಂತು. ಕೈ ಫೋನಿಗೆ ಹೋಯಿತು. ಏನೆಂದು ಹೇಳುವುದು? ನಾನೂ ಬಂದಿದ್ದೆ ಎಂದೇ? ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು.

ಬಯಲಿಗೆ ಬಂದಾಗ, ಮೊಣಕಾಲೆತ್ತರದ ಗಿಡಗಳಾಚೆ, ಗುಡ್ಡದ ಏರಿನಲ್ಲಿ ಅವರು ಕಂಡರು. ಮುಂದೆ ಮಾವ, ಆಮೇಲೆ ಅತ್ತೆ, ನಾದಿನಿಯ ಗಂಡ, ಕೊನೆಯಲ್ಲಿ ನಾದಿನಿ. ಒಬ್ಬರ ಹಿಂದೆ ಒಬ್ಬರು, ಒಂದೇ ಅಂತರದಲ್ಲಿ. ಯಾರೂ ಹಿಂದಿರುಗಿ ನೋಡಲಿಲ್ಲ. ಗಾಡಿ ಪೂರ್ತಿಯಾಗಿಯೇ ಕಾಣುತ್ತಿತ್ತು.

ಅವಳು ಗುಡ್ಡದ ತುದಿ ಮುಟ್ಟುವಷ್ಟರಲ್ಲಿ ಚಾಪೆ ಹಾಸಿಯಾಗಿತ್ತು.

"ಬಾರಮ್ಮ, ಟೀ ಆರಿಹೋಗ್ತಿದೆ," ಎಂದರು ಅತ್ತೆ, ತಡವೇ ಆಗಿಲ್ಲವೆಂಬಂತೆ.

ಮಾವ ಬೂಟು ಬಿಚ್ಚುತ್ತ ಎಂದಿನ ಪ್ರಶ್ನೆ ಕೇಳಿದರು. "ಕಡ್ಡಿ ಚದುರಿಸಿ ಬಂದೆ ತಾನೇ?"

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ನಾದಿನಿಯ ಕೈ ನಿಂತಿತು.

"ಹ್ಞೂಂ ಮಾವ, ಚದುರಿಸಿದೆ," ಎಂದಳು ಸೊಸೆ.

"ಹಾಗಾದ್ರೆ ಗಾಡಿ ಬಂತು ಅನ್ನಿ!" ಮಾವ ಬ್ರೆಡ್ಡಿಗೆ ಕೈಚಾಚಿದರು.

ಇಳಿಯುವುದು ಬೇರೆ ದಾರಿಯಲ್ಲಿ. ಹೊರಡುವಾಗ ನಾದಿನಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಅತ್ತಿಗೆ, ನೀವು ಮಧ್ಯದಲ್ಲಿ ನಡೀರಿ. ಹಿಂದೆ ನಾನಿರ್ತೀನಿ."

"ಬೇಡ ಬಿಡು. ನಂಗೆ ಹಿಂದೇನೇ ಸರಿ."

"ಬೇಕೂಂತ ಮಾಡಿದ್ದಲ್ಲ ಅತ್ತಿಗೆ. ಅದೇನೋ ಮಾತಾಡ್ತಾ ಮಾತಾಡ್ತಾ..."

"ಗೊತ್ತು ಕಣೆ."

ನಿಜವಾಗಿಯೂ ಗೊತ್ತಿತ್ತು. ಬೇಕೆಂದೇ ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮೊದಲ ಕವಲಿನಲ್ಲಿ ಕಡ್ಡಿಗಳು ಮಾವ ಜೋಡಿಸಿದಂತೆಯೇ ಇದ್ದವು. ಒಂದಿಷ್ಟು ದೂರದಲ್ಲಿ ನಾದಿನಿ ನಿಂತು ಇತ್ತಲೇ ನೋಡುತ್ತಿದ್ದಳು, ದಾರಿ ಗೊತ್ತಿಲ್ಲದ ನೆಂಟರಿಗಾಗಿ ಕಾಯುವವರ ಹಾಗೆ. ಸೊಸೆ ಬಗ್ಗಿ ಎರಡು ಕಡ್ಡಿಗಳನ್ನು ಪೊದೆಗೆ ಎಸೆದಳು. ಮೂರನೆಯದನ್ನು ಗಂಡನ ಕೋಟಿನ ಜೇಬಿಗೆ ಇಳಿಬಿಟ್ಟಳು. ಕೈ ಹೊರತೆಗೆದಾಗ ಬೆರಳಿಗೆ ಒಂದು ಮುಳ್ಳುಬೀಜ ಅಂಟಿಕೊಂಡು ಬಂತು. ಅದನ್ನು ಕೀಳದೆ ಹಾಗೆಯೇ ನಡೆದಳು.